ತಳದ ತಂಡ, ಎಳೆಯ ಗೋಲ್‌ಕೀಪರ್: ಫೋಟ್‌ಮಾಬ್ ಆ್ಯಪ್‌ನ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಅಂಕಪಟ್ಟಿಯ ತಳದಲ್ಲಿ ಒದ್ದಾಡುತ್ತಿರುವ ತಂಡ. ಪ್ರತಿ ಪಂದ್ಯದಲ್ಲೂ ಎರಡು ಗೋಲು ಬೀಳುತ್ತಿವೆ. ಗೋಲುಕಂಬಗಳ ನಡುವೆ ಇಪ್ಪತ್ತೂ ತುಂಬದ ಹುಡುಗ, ಬೆಂಚಿನಲ್ಲಿ ಮೂವತ್ತೈದರ ಅನುಭವಿ. ಹುಡುಗನನ್ನು ಕೂರಿಸಬೇಕೋ, ಅವನಲ್ಲೇ ನಂಬಿಕೆ ಇಡಬೇಕೋ? ಈ ವಾದ ಎದ್ದಲ್ಲೆಲ್ಲ ಈಗ ಯಾರಾದರೊಬ್ಬರು ಫೋನ್ ತೆಗೆದು ಫೋಟ್‌ಮಾಬ್ ತೆರೆಯುತ್ತಾರೆ. ನಾರ್ವೆಯಲ್ಲಿ ಹುಟ್ಟಿದ, ಜಾಹೀರಾತು ಸಹಿಸಿಕೊಂಡರೆ ಉಚಿತವಾಗಿ ಸಿಗುವ ಆ್ಯಪ್ ಇದು. ದೊಡ್ಡ ಲೀಗ್‌ಗಳಿಗೆ ಇದರ ದತ್ತಾಂಶ ಪಂದ್ಯಗಳ ಅಂಕಿಅಂಶ ಸಂಗ್ರಹಿಸುವ ಆಪ್ಟಾ ಸಂಸ್ಥೆಯಿಂದ ಬರುತ್ತದೆ. ಸ್ಕೋರ್, ಸುದ್ದಿ, ನೋಟಿಫಿಕೇಶನ್‌ಗಳ ಬಗ್ಗೆ ಇಲ್ಲಿ ಏನೂ ಬರೆಯುತ್ತಿಲ್ಲ, ಅವೆಲ್ಲ ಚೆನ್ನಾಗಿಯೇ ಇವೆ. ಈ ವಿಮರ್ಶೆ ಗೋಲ್‌ಕೀಪರ್‌ನ ಪುಟಕ್ಕೆ ಮತ್ತು ಪ್ರತಿ ಹೊಡೆತ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ತೋರಿಸುವ ಹೊಡೆತಗಳ ನಕ್ಷೆಗೆ ಸೀಮಿತ. ಪರೀಕ್ಷೆಯೂ ಒಂದೇ: ಮೇಲಿನ ಪ್ರಶ್ನೆಗೆ ಇದು ಉತ್ತರ ಕೊಡುತ್ತದೆಯೇ?

ಅರ್ಧ ಉತ್ತರ ಕೊಡುತ್ತದೆ. ಹುಡುಗನ ಮೇಲೆ ಹೊರಿಸಿದ ತಪ್ಪು ನಿಜಕ್ಕೂ ಅವನದೇ ಎಂದು ನೋಡಲು ಸಾಮಾನ್ಯ ಪ್ರೇಕ್ಷಕನ ಕೈಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಅವನನ್ನು ತಂಡದಿಂದ ತೆಗೆಯುವ ತೀರ್ಮಾನಕ್ಕೆ ಮಾತ್ರ ಇದೊಂದೇ ಸಾಲದು. ಈ ಎರಡನ್ನು ಬೆರೆಸಿಕೊಂಡವರು ಆ್ಯಪ್‌ಗೂ ಹುಡುಗನಿಗೂ ಅನ್ಯಾಯ ಮಾಡುತ್ತಾರೆ.

ಮೊದಲು ನೋಡಬೇಕಾದ ಸಂಖ್ಯೆ, ಮರೆಯಬೇಕಾದ ಸಂಖ್ಯೆ

ಆಟಗಾರನ ಹೆಸರು ಒತ್ತಿದೊಡನೆ ಕಣ್ಣಿಗೆ ರಾಚುವುದು ಬಣ್ಣದ ಚೌಕದೊಳಗಿನ ರೇಟಿಂಗ್. ಗೋಲ್‌ಕೀಪರ್ ವಿಷಯದಲ್ಲಿ ಅದನ್ನು ಬದಿಗಿಡಿ. ಒಂದೂ ಕಠಿಣ ಹೊಡೆತ ಎದುರಿಸದೆ ಗೆದ್ದವನಿಗೆ ಸಾಧಾರಣ ಅಂಕ ಬರುತ್ತದೆ, ಮೂರು ಗೋಲು ಬಿಟ್ಟರೂ ಎಂಟು ತಡೆದವನಿಗೆ ಮೇಲಿನ ಅಂಕ ಬರುತ್ತದೆ. ಆ ದಿನ ಎಷ್ಟು ಕೆಲಸ ಬಿತ್ತು ಎನ್ನುವುದನ್ನು ಅದು ಹೇಳುತ್ತದೆ, ಕೆಲಸದ ಗುಣಮಟ್ಟವನ್ನು ಅಷ್ಟಾಗಿ ಹೇಳುವುದಿಲ್ಲ.

ಕ್ಲೀನ್ ಶೀಟ್‌ಗಳ, ಅಂದರೆ ಒಂದೂ ಗೋಲು ಬಿಡದ ಪಂದ್ಯಗಳ, ಎಣಿಕೆಯೂ ಅಷ್ಟೇ. ಅದು ಇಡೀ ತಂಡದ ಗಳಿಕೆ. ಸೇವ್ ಶೇಕಡಾವಾರು (ಗುರಿಯತ್ತ ಬಂದ ಹೊಡೆತಗಳಲ್ಲಿ ತಡೆದವುಗಳ ಪಾಲು) ಅದಕ್ಕಿಂತ ವಾಸಿ ಎಂದು ಬಹಳ ಮಂದಿ ನಂಬಿದ್ದಾರೆ, ಆದರೆ ತಳದ ತಂಡದ ಗೋಲ್‌ಕೀಪರ್‌ಗೆ ಅತಿ ಹೆಚ್ಚು ಹಾನಿ ಮಾಡುವುದು ಅದೇ. ಗಟ್ಟಿ ತಂಡದ ಗೋಲ್‌ಕೀಪರ್‌ನತ್ತ ಒಂದು ಪಂದ್ಯದಲ್ಲಿ ಮೂರು ಹೊಡೆತ ಬಂದವು ಎಂದುಕೊಳ್ಳಿ. ಮೂರೂ ದೂರದಿಂದ, ಒಂದೊಂದೂ ಗೋಲಾಗುವ ಸಂಭವ 0.10. ಅವನಿಂದ ನಿರೀಕ್ಷಿಸಬೇಕಾದ ಸೇವ್ ಪ್ರಮಾಣ ಶೇಕಡಾ 90. ದುರ್ಬಲ ತಂಡದ ಹುಡುಗನತ್ತ ಆರು ಹೊಡೆತ, ಎಲ್ಲವೂ ಪೆನಾಲ್ಟಿ ಆವರಣದೊಳಗಿಂದ, ಒಂದೊಂದಕ್ಕೂ 0.40. ಅಲ್ಲಿ ನಿರೀಕ್ಷೆ ಶೇಕಡಾ 60 ಮಾತ್ರ. ಒಬ್ಬನೇ ಗೋಲ್‌ಕೀಪರ್ ಈ ಎರಡು ತಂಡಗಳಲ್ಲಿ ಆಡಿದರೂ ಒಂದೆಡೆ 90, ಇನ್ನೊಂದೆಡೆ 60 ಕಾಣಿಸುತ್ತಾನೆ. ಕೈ ಅದೇ, ಕಾಲು ಅದೇ, ಬೇರೆಯಾದದ್ದು ಮುಂದೆ ನಿಂತ ನಾಲ್ವರು ಡಿಫೆಂಡರ್‌ಗಳು.

ಆ್ಯಪ್‌ನ ನಿಜವಾದ ಬೆಲೆ ಇರುವುದು ಎರಡು ಸಾಲುಗಳಲ್ಲಿ. ಒಂದು, ಎಕ್ಸ್‌ಜಿಒಟಿ (ಎಕ್ಸ್‌ಪೆಕ್ಟೆಡ್ ಗೋಲ್ಸ್ ಆನ್ ಟಾರ್ಗೆಟ್) ಫೇಸ್ಡ್. ಇನ್ನೊಂದು, ಗೋಲ್ಸ್ ಪ್ರಿವೆಂಟೆಡ್. ಮೊದಲನೆಯದು, ಗುರಿಯತ್ತ ಬಂದ ಹೊಡೆತಗಳು ಎಷ್ಟು ಗೋಲಿಗೆ ಸಮ ಎನ್ನುವ ಲೆಕ್ಕ. ಹೊಡೆತ ಹುಟ್ಟಿದ ಅವಕಾಶದ ಗುಣದ ಜೊತೆಗೆ, ಚೆಂಡು 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲುಬಾಯಿಯ ಯಾವ ಭಾಗಕ್ಕೆ ಹೋಯಿತು ಎನ್ನುವುದೂ ಇದರಲ್ಲಿ ಸೇರುತ್ತದೆ. ಹೊರಗೆ ಹೋದ ಹೊಡೆತಕ್ಕೆ ಸೊನ್ನೆ, ಡಿಫೆಂಡರ್‌ಗೆ ಬಡಿದು ನಿಂತದ್ದು ಲೆಕ್ಕಕ್ಕೇ ಇಲ್ಲ. ಆ ಮೊತ್ತದಿಂದ ಬಿಟ್ಟ ಗೋಲುಗಳನ್ನು ಕಳೆದರೆ ಎರಡನೆಯದು ಸಿಗುತ್ತದೆ. ಧನ ಸಂಖ್ಯೆ ಬಂದರೆ ನಿರೀಕ್ಷೆಗಿಂತ ಹೆಚ್ಚು ತಡೆದಿದ್ದಾನೆ, ಋಣ ಸಂಖ್ಯೆ ಬಂದರೆ ಕಡಿಮೆ. ಸ್ವಂತ ಗೋಲಿಗೆ ಎದುರಾಳಿಯ ಹೊಡೆತವೇ ಇರುವುದಿಲ್ಲವಾದ್ದರಿಂದ ಅದು ಇಲ್ಲಿ ಬರುವುದಿಲ್ಲ. ಪತ್ರಿಕೆಯ ಗೋಲುಗಳ ಎಣಿಕೆಗೂ ಆ್ಯಪ್‌ನ ಎಣಿಕೆಗೂ ವ್ಯತ್ಯಾಸ ಕಂಡರೆ ಮೊದಲು ಇದನ್ನೇ ನೋಡಿ.

ಒಂದು ಮಾದರಿ ಲೆಕ್ಕ. ಹತ್ತು ಪಂದ್ಯದಲ್ಲಿ ತಂಡ 24 ಗೋಲು ಬಿಟ್ಟಿದೆ, ಅದರಲ್ಲಿ ಒಂದು ಸ್ವಂತ ಗೋಲು. ಎದುರಾಳಿಗಳ ಅವಕಾಶಗಳ ಒಟ್ಟು ಎಕ್ಸ್‌ಜಿ, ಅಂದರೆ ಚೆಂಡು ಎಲ್ಲಿಗೆ ಹೋಯಿತೆಂದು ನೋಡದೆ ಅವಕಾಶದ ಗುಣದಿಂದಷ್ಟೇ ನಿರೀಕ್ಷಿಸಬಹುದಾದ ಗೋಲು, 18. ಗೋಲ್‌ಕೀಪರ್ ಎದುರಿಸಿದ ಎಕ್ಸ್‌ಜಿಒಟಿ 22.5. ಹುಡುಗನ ಖಾತೆಗೆ ಬೀಳುವುದು 22.5 ಕಳೆ 23, ಅಂದರೆ ಋಣ ಅರ್ಧ ಗೋಲು. ಹತ್ತು ಪಂದ್ಯಕ್ಕೆ ಇದು ಏನೇನೂ ಅಲ್ಲ. 18 ಮತ್ತು 22.5ರ ನಡುವಿನ ನಾಲ್ಕೂವರೆ ಗೋಲು ಎದುರಾಳಿಗಳು ಚೆಂಡನ್ನು ಮೂಲೆ ಹುಡುಕಿ ಇಟ್ಟದ್ದರಿಂದ ಬಂದದ್ದು. ಬರಿಯ 24 ನೋಡಿದವನು ಹುಡುಗನನ್ನು ತೆಗೆಯಿರಿ ಎನ್ನುತ್ತಾನೆ. ಈ ಮೂರು ಸಂಖ್ಯೆ ನೋಡಿದವನು ಮೊದಲು ಡಿಫೆನ್ಸ್ ಸರಿಮಾಡಿ ಎನ್ನುತ್ತಾನೆ. ಆ್ಯಪ್‌ನ ನಿಜವಾದ ಉಪಕಾರ ಇಲ್ಲಿದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಗೋಲ್‌ಕೀಪರ್ ತಪ್ಪು ಕೋನದಲ್ಲಿ ನಿಂತರೆ ಸ್ಟ್ರೈಕರ್‌ಗೆ ದೊಡ್ಡ ಜಾಗ ತೆರೆದುಕೊಳ್ಳುತ್ತದೆ, ಅಲ್ಲಿಗೆ ಚೆಂಡಿಡುವುದು ಸುಲಭವಾಗುತ್ತದೆ, ಎಕ್ಸ್‌ಜಿಒಟಿ ತಾನಾಗಿ ಏರುತ್ತದೆ. ಹಾಗಾಗಿ ಆ ನಾಲ್ಕೂವರೆ ಗೋಲೂ ಬರಿಯ ಎದುರಾಳಿಯ ಚಾಕಚಕ್ಯತೆ ಎಂದು ಮುಚ್ಚಿಹಾಕಲಾಗದು. ಹೊಡೆತದ ನಕ್ಷೆಯಲ್ಲಿ ಒಂದೇ ಬದಿಗೆ, ಅದರಲ್ಲೂ ಹೊಡೆದವನಿಗೆ ಹತ್ತಿರದ ಕಂಬದ ಕಡೆಗೆ ಗೋಲುಗಳು ಗುಂಪುಗೂಡಿದ್ದರೆ ನಿಲುವಿನ ದೋಷ ಇದೆ ಎಂದು ಸಂಶಯಪಡಬೇಕು.

ಹತ್ತು ಪಂದ್ಯ ಏಕೆ ಸಾಲದು

ಆ್ಯಪ್ ಹೇಳದೆ ಬಿಡುವ, ಓದುಗರು ತಾವೇ ಸೇರಿಸಿಕೊಳ್ಳಬೇಕಾದ ಮುಖ್ಯ ವಿಷಯ ಅದೃಷ್ಟದ ಗಾತ್ರ. ಪುಟದಲ್ಲಿ ಋಣ 2.3 ಎಂದು ದಶಮಾಂಶದವರೆಗೆ ಬರೆದಿರುವುದನ್ನು ನೋಡಿದಾಗ ಅದು ತೂಕದ ಯಂತ್ರದ ಸಂಖ್ಯೆಯಷ್ಟೇ ಖಚಿತ ಎನಿಸಿಬಿಡುತ್ತದೆ. ಅಷ್ಟು ಖಚಿತ ಅಲ್ಲ.

50 ಹೊಡೆತ ತೆಗೆದುಕೊಳ್ಳಿ, ತಳದ ತಂಡಕ್ಕೆ ಇದು ಹತ್ತು ಪಂದ್ಯದ ಕೆಲಸ. ಅದರಲ್ಲಿ 20 ಸುಲಭ, ತಲಾ 0.05. 20 ಮಧ್ಯಮ, ತಲಾ 0.30. 10 ಬಹುತೇಕ ಗೋಲೇ, ತಲಾ 0.80. ಒಟ್ಟು 1, 6, 8 ಸೇರಿ 15 ಗೋಲಿನ ನಿರೀಕ್ಷೆ. ಈಗ ಗೋಲ್‌ಕೀಪರ್ ಸರಿಯಾಗಿ ಸರಾಸರಿ ದರ್ಜೆಯವನು ಎಂದೇ ಇಟ್ಟುಕೊಂಡು ಪ್ರತಿ ಹೊಡೆತಕ್ಕೂ ಏರಿಳಿತದ ಲೆಕ್ಕ ಹಾಕಿದರೆ, ಒಟ್ಟು ಮಾನಕ ವಿಚಲನೆ (ಅದೃಷ್ಟದಿಂದ ಆಗುವ ಸಾಮಾನ್ಯ ಏರಿಳಿತದ ಅಳತೆ) ಸುಮಾರು 2.6 ಗೋಲು. ಅಂದರೆ ಯಾವ ತಪ್ಪೂ ಇಲ್ಲದ, ಯಾವ ವಿಶೇಷವೂ ಇಲ್ಲದ ಗೋಲ್‌ಕೀಪರ್ ಕೂಡ 50 ಹೊಡೆತಗಳಲ್ಲಿ ಒಮ್ಮೆ 12, ಇನ್ನೊಮ್ಮೆ 18 ಬಿಡುವುದು ತೀರ ಸಹಜ. ಹತ್ತು ಪಂದ್ಯದ ನಂತರ ಋಣ 2.3 ಎಂದು ಕಂಡರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಋಣ 6 ಎಂದು ಕಂಡರೆ ಕುಳಿತು ನೋಡಬೇಕು.

ಇದೇ ಮಿಶ್ರಣದ 200 ಹೊಡೆತ ಆಗುವ ಹೊತ್ತಿಗೆ ನಿರೀಕ್ಷೆ 60 ಆಗುತ್ತದೆ, ವಿಚಲನೆ 5.2. ಸಂಖ್ಯೆ ದೊಡ್ಡದಾಗಿ ಕಂಡರೂ ನಿರೀಕ್ಷೆಗೆ ಹೋಲಿಸಿದರೆ ಅರ್ಧಕ್ಕೆ ಇಳಿದಿದೆ: ಮೊದಲು ಶೇಕಡಾ 17, ಈಗ ಶೇಕಡಾ 9ಕ್ಕೂ ಕಡಿಮೆ. ಒಂದು ಪೂರ್ತಿ ಋತು ಆಡಿದ ಮೇಲೆಯೇ ಈ ಸಂಖ್ಯೆ ನಂಬುವಷ್ಟು ಗಟ್ಟಿಯಾಗುತ್ತದೆ. ದುರಂತವೆಂದರೆ ಹಿಂಬಡ್ತಿಯ, ಅಂದರೆ ಕೆಳಗಿನ ಲೀಗ್‌ಗೆ ಬೀಳುವ, ಭಯದಲ್ಲಿರುವ ತಂಡ ಅಷ್ಟು ಕಾಯುವುದಿಲ್ಲ. ಐದಾರು ಪಂದ್ಯಕ್ಕೇ ತೀರ್ಪು ಬರೆಯುತ್ತದೆ.

ಪೆನಾಲ್ಟಿಗಳನ್ನು ಬೇರೆ ಮಾಡಿ ನೋಡುವುದು ಇದೇ ಕಾರಣಕ್ಕೆ. ಆಪ್ಟಾ ಮಾದರಿಯಲ್ಲಿ ಪೆನಾಲ್ಟಿಯ ಎಕ್ಸ್‌ಜಿ 0.79. ಕೆಳಗಿನ ಮೂಲೆಗೆ ಬಿಗಿಯಾಗಿ ಹೊಡೆದಾಗ ಎಕ್ಸ್‌ಜಿಒಟಿ ಅದಕ್ಕಿಂತಲೂ ಮೇಲೆ ಹೋಗುತ್ತದೆ, ಆದ್ದರಿಂದ ಒಂದು ಪೆನಾಲ್ಟಿ ತಡೆದ ಕೂಡಲೇ ಹುಡುಗನ ಖಾತೆಗೆ ಸುಮಾರು ಒಂದು ಪೂರ್ತಿ ಗೋಲು ಜಮೆಯಾಗುತ್ತದೆ. ಋತುವಿಗೆ ಎದುರಾಗುವ ಪೆನಾಲ್ಟಿಗಳು ಬೆರಳೆಣಿಕೆಯಷ್ಟು. ಎರಡು ತಡೆದವನು ಶೂರ, ಒಂದನ್ನೂ ತಡೆಯದವನು ಕಳಪೆ ಎಂದು ತೋರಿಸುವ ಸಂಖ್ಯೆಯ ಮೇಲೆ ಮೂವತ್ತು ಪಂದ್ಯದ ಮೌಲ್ಯಮಾಪನ ನಿಲ್ಲಬಾರದು. ನಕ್ಷೆಯಲ್ಲಿ ಆ ಹೊಡೆತಗಳನ್ನು ಒಂದೊಂದಾಗಿ ಒತ್ತಿ, ಅವುಗಳ ಎಕ್ಸ್‌ಜಿಒಟಿ ಬರೆದುಕೊಂಡು, ಕೈಯಾರೆ ಕಳೆಯಿರಿ.

ಆ್ಯಪ್ ತಲೆಕೆಳಗಾಗಿ ಲೆಕ್ಕ ಹಾಕುವ ಸಂದರ್ಭಗಳು

ಎಳೆಯ ಗೋಲ್‌ಕೀಪರ್‌ಗಳ ಮಟ್ಟಿಗೆ ಅತಿ ಮುಖ್ಯವಾದ ದೋಷ ಇದು. ಇದನ್ನು ತಿಳಿಯದೆ ಆ್ಯಪ್ ಬಳಸಿದರೆ ಕೆಟ್ಟ ಗೋಲ್‌ಕೀಪರ್ ಒಳ್ಳೆಯವನಂತೆ ಕಾಣಬಹುದು.

ಮೊದಲನೆಯದು, ಕೈಗೆ ಬಡಿದು ಮುಂದೆ ಬೀಳುವ ಚೆಂಡು. ಇಪ್ಪತ್ತು ಮೀಟರ್‌ನಿಂದ ಸಾಧಾರಣ ಹೊಡೆತ ಬಂತು, ಎಕ್ಸ್‌ಜಿಒಟಿ 0.08. ಹುಡುಗ ಅದನ್ನು ಹಿಡಿಯದೆ ಎರಡೂ ಅಂಗೈಯಿಂದ ನೇರ ಮುಂದಕ್ಕೆ ತಳ್ಳಿದ. ಓಡಿಬಂದ ಸ್ಟ್ರೈಕರ್ ಐದು ಮೀಟರ್‌ನಿಂದ ಒಳಗೆ ನೂಕಿದ, ಎಕ್ಸ್‌ಜಿಒಟಿ 0.85. ಆ್ಯಪ್‌ನ ಲೆಕ್ಕದಲ್ಲಿ ಹುಡುಗನಿಗೆ ಮೊದಲ ಹೊಡೆತ ತಡೆದದ್ದಕ್ಕೆ ಧನ 0.08, ಎರಡನೆಯದನ್ನು ಬಿಟ್ಟದ್ದಕ್ಕೆ ಋಣ 0.15. ಒಟ್ಟು ಋಣ 0.07. ನಿಜದಲ್ಲಿ ಆ ಗೋಲು ಬಹುಪಾಲು ಅವನದೇ. ತಂತ್ರದ ಮೂಲ ಪಾಠವೆಂದರೆ ಹಿಡಿಯಲಾಗದ ಚೆಂಡನ್ನು ಬದಿಗೆ, ಕಂಬದಾಚೆಗೆ, ಅಂಗೈ ಓರೆಮಾಡಿ ತಿರುಗಿಸಬೇಕು. ಮಣಿಕಟ್ಟು ಸಡಿಲ ಬಿಟ್ಟಾಗ, ಅಥವಾ ದೇಹ ಚೆಂಡಿನ ಹಿಂದೆ ಬರುವ ಮೊದಲೇ ಕೈ ಮುಂದೆ ಹೋದಾಗ ಅದು ನೇರ ಮುಂದೆ ಬೀಳುತ್ತದೆ. ಇದು ಅಭ್ಯಾಸದಲ್ಲಿ ಸರಿಹೋಗುವ ದೋಷ, ಹಾಗಾಗಿ ನಂಬಿಕೆ ಕಳೆದುಕೊಳ್ಳುವ ಕಾರಣವಲ್ಲ. ಆದರೆ ಎಣಿಸದೆ ಬಿಡುವಂಥದ್ದೂ ಅಲ್ಲ.

ಎರಡನೆಯದು, ಗೋಲ್‌ಕೀಪರ್‌ನ ಕಾಲಿನಿಂದ ಹುಟ್ಟುವ ಗೋಲು. ಹುಡುಗ ಎದುರಾಳಿಗೇ ಪಾಸ್ ಕೊಟ್ಟ, ಬರಿದಾದ ಗೋಲಿಗೆ ಚೆಂಡು ಹೋಯಿತು. ಎಕ್ಸ್‌ಜಿಒಟಿ 0.95 ಇದ್ದರೆ ಅವನ ಖಾತೆಗೆ ಬೀಳುವುದು ಋಣ 0.05 ಮಾತ್ರ! ಇದಕ್ಕಾಗಿಯೇ ಆ್ಯಪ್‌ನಲ್ಲಿ ಎರರ್ ಲೆಡ್ ಟು ಗೋಲ್ ಎಂಬ ಬೇರೆ ಸಾಲಿದೆ. ಗೋಲ್ಸ್ ಪ್ರಿವೆಂಟೆಡ್ ಜೊತೆಗೆ ಅದನ್ನು ಯಾವಾಗಲೂ ಓದಿ. ಅಲ್ಲಿಯೂ ಬರಿಯ ಎಣಿಕೆಗಿಂತ ತಪ್ಪಿನ ಬಗೆ ಮುಖ್ಯ. ಮೂರು ತಪ್ಪುಗಳು ಮೂರು ಬಗೆಯವಾದರೆ ಅದು ಕಲಿಕೆ. ಮೂರೂ ಒಂದೇ ಬಗೆಯವಾದರೆ, ಉದಾಹರಣೆಗೆ ಎಡಗಾಲಿಗೆ ಬಂದ ಬ್ಯಾಕ್‌ಪಾಸ್ ನಿಲ್ಲಿಸಲಾಗದ್ದು, ಎದುರಾಳಿಗಳು ಅದನ್ನು ಕಂಡುಕೊಂಡಿದ್ದಾರೆ, ನಾಲ್ಕನೆಯದು ಬಂದೇ ಬರುತ್ತದೆ.

ಮೂರನೆಯದು ಹುಡುಗನ ವಿರುದ್ಧ ಕೆಲಸ ಮಾಡುತ್ತದೆ. ಡಿಫೆನ್ಸ್ ಸಾಲಿನ ಹಿಂದೆ ಬಂದ ಉದ್ದ ಚೆಂಡಿಗೆ ಓಡಿ, ಸ್ಟ್ರೈಕರ್ ತಲುಪುವ ಮುನ್ನ ಒದ್ದು ಹೊರಹಾಕಿದರೆ ಹೊಡೆತವೇ ಹುಟ್ಟುವುದಿಲ್ಲ. ಹೊಡೆತವಿಲ್ಲದಿದ್ದರೆ ಎಕ್ಸ್‌ಜಿಒಟಿ ಇಲ್ಲ, ಅವನಿಗೆ ಜಮೆಯೂ ಇಲ್ಲ. ಆ್ಯಕ್ಟೆಡ್ ಆ್ಯಸ್ ಸ್ವೀಪರ್ ಎಂಬ ಸಾಲಿನಲ್ಲಿ ಅದು ಒಂದು ಅಂಕಿಯಾಗಿ ಕುಳಿತಿರುತ್ತದೆ, ಅಷ್ಟೆ. ಧೈರ್ಯವಾಗಿ ಮುಂದೆ ನಿಲ್ಲುವ ಎಳೆಯರ ದೊಡ್ಡ ಕೊಡುಗೆ ಇದೇ ಆಗಿರುತ್ತದೆ. ಅನುಭವಿಯನ್ನು ಇಳಿಸಿದಾಗ ಅವನು ಗೆರೆಗೆ ಹತ್ತಿರ ನಿಲ್ಲುವವನಾದರೆ ಡಿಫೆನ್ಸ್ ಸಾಲಿನ ಹಿಂದೆ ಇಪ್ಪತ್ತು ಮೀಟರ್ ಯಾರೂ ಕಾಯದ ಜಾಗ ಉಳಿಯುತ್ತದೆ. ಸಾಲು ಹಿಂದೆ ಸರಿಯಬೇಕಾಗುತ್ತದೆ, ಎದುರಾಳಿ ಆವರಣದ ಹತ್ತಿರವೇ ಚೆಂಡಾಡಿಸುತ್ತಾನೆ. ಗೋಲ್‌ಕೀಪರ್ ಬದಲಾದ ಮೇಲೆ ಹೊಡೆತಗಳ ಸಂಖ್ಯೆಯೇ ಏರಿದರೆ ಕಾರಣ ಇಲ್ಲಿರಬಹುದು.

ಮರೆಯಲ್ಲಿ ಬಂದ ಹೊಡೆತವೂ ಸಂಖ್ಯೆಯಲ್ಲಿ ಪೂರ್ತಿ ಇಳಿಯುವುದಿಲ್ಲ. ದುರ್ಬಲ ತಂಡದ ಆವರಣದಲ್ಲಿ ಕಾಲುಗಳ ಕಾಡೇ ನಿಂತಿರುತ್ತದೆ. ಸೆಕೆಂಡಿಗೆ 25 ಮೀಟರ್ ವೇಗದ ಚೆಂಡು 16.5 ಮೀಟರ್ ದೂರದ ಆವರಣದ ಗೆರೆಯಿಂದ ಗೋಲಿಗೆ ತಲುಪಲು 0.66 ಸೆಕೆಂಡು ಸಾಕು. ಅದರಲ್ಲಿ ಮೊದಲ ಐದು ಮೀಟರ್ ಕಾಣದೆ ಹೋದರೆ 0.2 ಸೆಕೆಂಡು ಕಳೆಯಿತು, ಕಂಡ ಮೇಲೆ ಪ್ರತಿಕ್ರಿಯಿಸಲು ಇನ್ನೊಂದು 0.2. ಮೂಲೆಗೆ ಹಾರಲು ಉಳಿಯುವುದು ಕಾಲು ಸೆಕೆಂಡು. ದೂರದಿಂದ ಬಂದದ್ದನ್ನೂ ಬಿಟ್ಟ ಎಂದು ಬಯ್ಯುವ ಮುನ್ನ ಆ ಹೊಡೆತದ ವಿಡಿಯೊವನ್ನು ಗೋಲಿನ ಹಿಂದಿನ ಕ್ಯಾಮೆರಾದಿಂದ ನೋಡಬೇಕು.

ಕ್ರಾಸ್‌ಗಳು: ಆ್ಯಪ್ ಬಹುತೇಕ ಮೌನ

ಸೋಲುತ್ತಿರುವ ತಂಡದ ಹುಡುಗನಿಗೆ ಅತ್ಯಂತ ಕಷ್ಟದ ಪರೀಕ್ಷೆ ಹೊಡೆತಗಳಲ್ಲ, ಕಾರ್ನರ್ ಮತ್ತು ಬದಿಯಿಂದ ಗೋಲಿನ ಮುಂದಕ್ಕೆ ಬರುವ ಕ್ರಾಸ್‌ಗಳು. ಎದುರಾಳಿ ಕೋಚ್ ಮೊದಲ ಹತ್ತು ನಿಮಿಷದಲ್ಲೇ ಇಬ್ಬರು ಎತ್ತರದ ಆಟಗಾರರನ್ನು ಅವನ ಮೈಗೆ ತಾಗಿ ನಿಲ್ಲಿಸಿ, ಚೆಂಡನ್ನು ಗೋಲಿನ ಕಡೆ ಬಾಗಿಸಿ ಕಳಿಸುತ್ತಾನೆ. ಇಲ್ಲಿ ಆ್ಯಪ್ ಕೊಡುವುದು ಹೈ ಕ್ಲೇಮ್ ಎಂಬ ಒಂದು ಸಾಲು, ಮೇಲಿಂದ ಹಿಡಿದ ಚೆಂಡುಗಳ ಎಣಿಕೆ. ಹೋಗಬೇಕಿದ್ದಾಗ ಹೋಗದೆ ಗೆರೆಯಲ್ಲೇ ಉಳಿದದ್ದಕ್ಕೆ ಸಾಲೇ ಇಲ್ಲ. ಹೀಗಾಗಿ ಎಂದೂ ಹೊರಬರದವನ ಪುಟ ಸ್ವಚ್ಛವಾಗಿ ಕಾಣುತ್ತದೆ, ಹತ್ತು ಬಾರಿ ಹೊರಬಂದು ಒಮ್ಮೆ ಎಡವಿದವನ ತಪ್ಪು ಮಾತ್ರ ದಾಖಲಾಗುತ್ತದೆ.

ಇದಕ್ಕೆ ನಕ್ಷೆಯಿಂದಲೇ ಒಂದು ಅಡ್ಡದಾರಿ ಇದೆ. ಕಾರ್ನರ್ ಅಥವಾ ಸೆಟ್ ಪೀಸ್‌ನಿಂದ (ಫ್ರೀಕಿಕ್‌ನಂಥ ನಿಂತ ಚೆಂಡಿನಿಂದ) ಬಂದ ಗೋಲುಗಳನ್ನು ಒತ್ತಿ ನೋಡಿ, ತಲೆಯಿಂದ ಹೊಡೆದ ಜಾಗ ಗೋಲುಗೆರೆಯಿಂದ 5.5 ಮೀಟರ್ ಒಳಗಿದೆಯೇ ಗಮನಿಸಿ. ಆ ಚಿಕ್ಕ ಆವರಣದ ನಡುವೆ, ಎತ್ತರದಲ್ಲಿ ತೇಲಿಬಂದ ನಿಧಾನದ ಚೆಂಡು ಗೋಲ್‌ಕೀಪರ್‌ನದು. ಹತ್ತಿರದ ಕಂಬಕ್ಕೆ ರಭಸವಾಗಿ, ಎದೆಯೆತ್ತರದಲ್ಲಿ ಬಂದದ್ದು ಅಲ್ಲ, ಅಲ್ಲಿ ನಿಂತ ಡಿಫೆಂಡರ್ ಅದನ್ನು ತೆಗೆಯಬೇಕು. ಈ ಭೇದವನ್ನು ಆ್ಯಪ್ ಮಾಡುವುದಿಲ್ಲ, ಕಣ್ಣು ಮಾಡಬೇಕು.

ಪಾಸ್‌ಗಳ ಸಾಲಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಉದ್ದ ಪಾಸ್‌ಗಳ ನಿಖರತೆ ಕೋಚ್ ಹೇಳಿಕೊಟ್ಟ ಆಟವನ್ನು ಅವಲಂಬಿಸಿದೆ. ಟಚಸ್ ಸಾಲು ಮಾತ್ರ ಉಪಯುಕ್ತ ಸುಳಿವು ಕೊಡುತ್ತದೆ. ಆಟದ ಯೋಜನೆ ಬದಲಾಗದೆ ಗೋಲ್‌ಕೀಪರ್ ಮುಟ್ಟುವ ಚೆಂಡುಗಳು ಪಂದ್ಯದಿಂದ ಪಂದ್ಯಕ್ಕೆ ಇಳಿಯುತ್ತಿದ್ದರೆ ಡಿಫೆಂಡರ್‌ಗಳು ಅವನಿಗೆ ಚೆಂಡು ಕೊಡಲು ಹಿಂಜರಿಯುತ್ತಿದ್ದಾರೆ. ತಂಡದೊಳಗಿನ ನಂಬಿಕೆಯನ್ನು ಈ ಆ್ಯಪ್‌ನಲ್ಲಿ ಅಳೆಯಲು ಸಿಗುವ ದಾರಿ ಇದೊಂದೇ.

ಅಂಕಿಗಳಾಚೆ ಮೈದಾನ ಹೇಳಿದ್ದು

ಆ್ಯರನ್ ರ್‍ಯಾಮ್ಸ್‌ಡೇಲ್ ಎಂಬ ಗೋಲ್‌ಕೀಪರ್ 2019-20ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಬೋರ್ನ್‌ಮತ್ ಪರ 37 ಲೀಗ್ ಪಂದ್ಯ ಆಡಿದ, ತಂಡ ಹಿಂಬಡ್ತಿ ಪಡೆಯಿತು. ಮರುವರ್ಷ ಶೆಫೀಲ್ಡ್ ಯುನೈಟೆಡ್ ಪರ ಅಷ್ಟೂ 38 ಪಂದ್ಯ ಆಡಿದ, ಆ ತಂಡ ಕೊನೆಯ ಸ್ಥಾನಕ್ಕೆ ಬಿತ್ತು. ಎರಡೂ ಕಡೆ ಅವನಿಗೆ ಆ ವರ್ಷದ ಉತ್ತಮ ಆಟಗಾರನ ಗೌರವ ಸಿಕ್ಕಿತು. 2021ರಲ್ಲಿ ಆರ್ಸೆನಲ್ ಅವನನ್ನು ಕೊಂಡು ಮೊದಲ ಆಯ್ಕೆಯ ಗೋಲ್‌ಕೀಪರ್ ಮಾಡಿತು. ಬಿದ್ದ ಗೋಲುಗಳನ್ನಷ್ಟೇ ಎಣಿಸಿದ್ದರೆ ಈ ಖರೀದಿ ನಡೆಯುತ್ತಲೇ ಇರಲಿಲ್ಲ.

ತಿರುಗುಮುರುಗಾದ ಉದಾಹರಣೆಯೂ ಇದೆ. ಗ್ಯಾವಿನ್ ಬಜೂನು ಇಪ್ಪತ್ತರ ವಯಸ್ಸಿನಲ್ಲಿ 2022ರಲ್ಲಿ ಸೌತಾಂಪ್ಟನ್ ಸೇರಿ ನೇರ ಮೊದಲ ಆಯ್ಕೆಯಾದ. ಆ ಋತುವಿನಲ್ಲಿ ಎಕ್ಸ್‌ಜಿಒಟಿ ಬಗೆಯ ಲೆಕ್ಕಗಳಲ್ಲಿ ಅವನು ಲೀಗಿನ ತಳದ ಸಾಲಿನಲ್ಲಿದ್ದ. ಋತು ಮುಗಿಯಲು ಕೆಲವೇ ಪಂದ್ಯ ಇದ್ದಾಗ ಅನುಭವಿ ಅಲೆಕ್ಸ್ ಮೆಕಾರ್ತಿಯನ್ನು ಇಳಿಸಲಾಯಿತು. ಆದರೂ ತಂಡ ಕೊನೆಯ ಸ್ಥಾನದಲ್ಲೇ ಮುಗಿಸಿತು. ಇಲ್ಲಿ ಸಂಖ್ಯೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಬದಲಾವಣೆ ಅಷ್ಟು ತಡವಾಗಿ ಬಂದರೆ ಅದು ತಂಡವನ್ನೂ ಉಳಿಸುವುದಿಲ್ಲ, ಹುಡುಗನನ್ನೂ ಉಳಿಸುವುದಿಲ್ಲ.

ಎಳೆಯರನ್ನು ನಂಬಿದವರಲ್ಲಿ ಎಲ್ಲರೂ ನೆನೆಯುವ ಹೆಸರು ಇಟಲಿಯ ಮಿಲಾನ್ ತಂಡದ ಕೋಚ್ ಆಗಿದ್ದ ಸಿನಿಶಾ ಮಿಹೈಲೊವಿಚ್. ಮಿಲಾನ್ ತಂಡ ಸ್ಥಿರತೆ ಕಾಣದೆ ತಡಕಾಡುತ್ತಿದ್ದಾಗ, 2015ರ ಅಕ್ಟೋಬರ್ 25ರಂದು ಸಾಸುವೊಲೊ ವಿರುದ್ಧ ಅನುಭವಿ ಡಿಯೆಗೊ ಲೋಪೆಜ್ ಬದಲಿಗೆ 16 ವರ್ಷ 8 ತಿಂಗಳ ಜಾನ್‌ಲುಯಿಜಿ ಡೊನ್ನರುಮ್ಮಾನನ್ನು ಇಳಿಸಿದರು. ತಂಡ 2-1ರಿಂದ ಗೆದ್ದಿತು. ಮುಖ್ಯವಾದ ಮಾತು ಮೊದಲ ಪಂದ್ಯವಲ್ಲ, ಆಮೇಲೂ ಅವನನ್ನೇ ಮುಂದುವರಿಸಿದ್ದು. ಒಂದು ಪಂದ್ಯ ಆಡಿಸಿ, ಒಂದು ಪಂದ್ಯ ಕೂರಿಸಿ, ಮತ್ತೆ ಆಡಿಸುವ ತಂಡಗಳು ಕೈಗೆ ಬಂದ ಹುಡುಗನನ್ನು ತಾವೇ ಹಾಳುಮಾಡುತ್ತವೆ.

ತೀರ್ಮಾನಕ್ಕೆ ಬಳಸುವ ಕ್ರಮ

ಈ ಆ್ಯಪ್ ಇಟ್ಟುಕೊಂಡು ಹೀಗೆ ನಡೆಯಬಹುದು. ಕನಿಷ್ಠ 50 ಹೊಡೆತ ಎದುರಿಸುವವರೆಗೆ ಗೋಲ್ಸ್ ಪ್ರಿವೆಂಟೆಡ್ ಆಧಾರದ ಮೇಲೆ ಏನೂ ನಿರ್ಧರಿಸಬೇಡಿ. ಆಮೇಲೆ ಪೆನಾಲ್ಟಿ ಕಳೆದು, ಉಳಿದ ಗೋಲುಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ತೆರೆಯಿರಿ. 0.15ಕ್ಕಿಂತ ಕೆಳಗಿನ ಎಕ್ಸ್‌ಜಿಒಟಿ ಇದ್ದೂ ಗೋಲಾದವುಗಳನ್ನು ಬೇರೆ ಬರೆಯಿರಿ, ವಿಡಿಯೊ ನೋಡಬೇಕಾದದ್ದು ಅವುಗಳದು. 0.5ರ ಮೇಲಿನವು ಡಿಫೆನ್ಸ್‌ನ ಪಾಲು, ಆದರೆ ಅವುಗಳ ಹಿಂದಿನ ಹೊಡೆತವನ್ನೂ ಒತ್ತಿ ನೋಡಿ: ಮುಂದೆ ತಳ್ಳಿದ ಚೆಂಡು ಅಲ್ಲಿ ಅಡಗಿರುತ್ತದೆ. ನಡುವಿನವು ಅವನ ದಿನದ ಒಳಿತು ಕೆಡುಕು.

ಹುಡುಗನಿಗೆ ವಿಶ್ರಾಂತಿ ಕೊಡಬೇಕಾದ ಸಂದರ್ಭಗಳು ಕಡಿಮೆ, ಆದರೆ ಇವೆ. ಕಡಿಮೆ ಎಕ್ಸ್‌ಜಿಒಟಿಯ ಗೋಲುಗಳು ಒಂದೇ ಬಗೆಯಲ್ಲಿ ಮೂರು ಬಾರಿ ಬಿದ್ದಿದ್ದರೆ. ಚೆಂಡು ನಲವತ್ತು ಮೀಟರ್ ದೂರ ಇರುವಾಗ ಅವನು ನಿಲ್ಲುವ ಜಾಗ ವಾರದಿಂದ ವಾರಕ್ಕೆ ಗೋಲುಗೆರೆಯ ಕಡೆ ಜಾರುತ್ತಿದ್ದರೆ. ಎರಡನೆಯದು ಮೊದಲನೆಯದಕ್ಕಿಂತ ಗಂಭೀರ, ಏಕೆಂದರೆ ಕೈಯ ದೋಷ ಅಭ್ಯಾಸದಲ್ಲಿ ಹೋಗುತ್ತದೆ, ಹಿಂದೆ ಸರಿಯುವ ಭಯ ಪ್ರತಿ ಪಂದ್ಯದಲ್ಲೂ ಬೆಳೆಯುತ್ತದೆ. ಹೊಸ ನಿಯಮವೊಂದು ಆ ಭಯವನ್ನು ಬೇಗ ಬಯಲಿಗೆ ತರುತ್ತದೆ: 2025-26ರಿಂದ ಗೋಲ್‌ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಚೆಂಡು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ರೆಫರಿ ಕೊನೆಯ ಐದು ಸೆಕೆಂಡನ್ನು ಕೈ ಎತ್ತಿ ಎಣಿಸುತ್ತಾರೆ. ಯಾರಿಗೆ ಎಸೆಯಬೇಕೆಂದು ತಿಳಿಯದೆ ನಿಲ್ಲುವ ಹುಡುಗನ ಗೊಂದಲ ಅಲ್ಲಿ ಇಡೀ ಮೈದಾನಕ್ಕೆ ಕಾಣುತ್ತದೆ. ವಿಶ್ರಾಂತಿ ಕೊಡುವುದಾದರೆ ಎರಡು ಮೂರು ಪಂದ್ಯಕ್ಕೆ, ಮರಳುವ ಪಂದ್ಯ ಯಾವುದೆಂದು ಮೊದಲೇ ಹೇಳಿ ಕೊಡಿ. ಪಂದ್ಯದ ನಡುವೆ ಹೊರಗೆ ಕರೆಯುವುದು ಗಾಯವಾದಾಗ ಮಾತ್ರ.

ವಿಶ್ರಾಂತಿಗೆ ಹೇಳಿದ ಆ ಎರಡು ಲಕ್ಷಣಗಳೂ ಕಾಣದಿದ್ದರೆ ಹುಡುಗನನ್ನೇ ಆಡಿಸಿ. ಬೆಂಚಿನ ಅನುಭವಿ ಅವನಿಗಿಂತ ಪಂದ್ಯಕ್ಕೆ 0.1 ಗೋಲು ಉತ್ತಮ ಎಂದೇ ಇಟ್ಟುಕೊಳ್ಳಿ, ಹತ್ತು ಪಂದ್ಯಕ್ಕೆ ಒಂದು ಗೋಲಿನ ಲಾಭ. ಅದೇ ಹತ್ತು ಪಂದ್ಯ ಹುಡುಗ ಆಡಿದರೆ ಅವನ ಬೆಳವಣಿಗೆ ಮುಂದಿನ ಹಲವು ಋತುಗಳಿಗೆ ಉಳಿಯುತ್ತದೆ.

ಎಕ್ಸ್‌ಜಿಒಟಿ ಸಿಗದ ಲೀಗ್‌ಗಳಲ್ಲಿ

ಆ್ಯಪ್‌ನ ದೊಡ್ಡ ಕೊರತೆ ಇದು. ಕೆಳಹಂತದ, ವಯೋಮಿತಿಯ, ಅನೇಕ ಪ್ರಾದೇಶಿಕ ಲೀಗ್‌ಗಳ ಪುಟದಲ್ಲಿ ಸ್ಕೋರ್ ಮತ್ತು ತಂಡದ ಪಟ್ಟಿ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಎಳೆಯ ಗೋಲ್‌ಕೀಪರ್‌ಗಳು ಹೆಚ್ಚಾಗಿ ಆಡುವುದೂ ಅಲ್ಲೇ. ಅಂಥ ತಂಡಗಳು ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಮ್‌ನ ಪಟ್ಟಿ ಇಟ್ಟರೆ ಈ ಆ್ಯಪ್ ಕೊಡುವುದರ ಬಹುಪಾಲು ಪಡೆಯಬಹುದು. ಗುರಿಯತ್ತ ಬಂದ ಪ್ರತಿ ಹೊಡೆತಕ್ಕೆ ಬರೆಯಬೇಕಾದದ್ದು: ದೂರ, ಅಂದರೆ 5.5 ಮೀಟರ್ ಒಳಗೆ, 11ರೊಳಗೆ, 16.5ರೊಳಗೆ, ಅಥವಾ ಅದರಾಚೆ; ಚೆಂಡು ಹೋದ ಜಾಗ, ಅಂದರೆ ನಡುವೆ, ಬದಿಗೆ, ಅಥವಾ ಕಂಬದಿಂದ ಒಂದು ಮೀಟರ್ ಒಳಗೆ; ಮರೆ ಇತ್ತೇ ಇಲ್ಲವೇ; ಹೊಡೆಯುವ ಕ್ಷಣದಲ್ಲಿ ಗೋಲ್‌ಕೀಪರ್ ಸೆಟ್ ಆಗಿದ್ದನೇ ಇಲ್ಲವೇ.

ಕೊನೆಯ ಕಾಲಮ್ ಆ್ಯಪ್‌ನಲ್ಲೂ ಸಿಗದ ಚಿನ್ನ. ಸೆಟ್ ಆಗಿದ್ದಾನೆ ಎಂದರೆ ಸ್ಟ್ರೈಕರ್‌ನ ಕಾಲು ಚೆಂಡಿಗೆ ತಾಗುವ ಕ್ಷಣದಲ್ಲಿ ಎರಡೂ ಪಾದ ನೆಲದ ಮೇಲೆ, ಭಾರ ಮುಂಗಾಲಿನಲ್ಲಿ, ಕೈಗಳು ಸೊಂಟ ಮತ್ತು ಎದೆಯ ನಡುವೆ ತೆರೆದು. ಆ ಕ್ಷಣದಲ್ಲಿ ಇನ್ನೂ ಓಡುತ್ತಿದ್ದರೆ, ಅಥವಾ ಜಿಗಿತ ದೊಡ್ಡದಾಗಿ ಪಾದ ಗಾಳಿಯಲ್ಲಿದ್ದರೆ, ದಿಕ್ಕು ಬದಲಿಸಲು ಮೊದಲು ನೆಲ ಮುಟ್ಟಬೇಕು. ಸೆಕೆಂಡಿಗೆ 25 ಮೀಟರ್ ವೇಗದಲ್ಲಿ 11 ಮೀಟರ್‌ನಿಂದ ಬರುವ ಚೆಂಡಿಗೆ 0.44 ಸೆಕೆಂಡು, ಅಷ್ಟು ಸಮಯ ಅವನಿಗಿಲ್ಲ. ಏಳು ಮೀಟರ್ ಒಳಗೆ ಬಂದರೆ 0.28, ಅಲ್ಲಿ ಹಾರುವ ಪ್ರಶ್ನೆಯೇ ಇಲ್ಲ, ಮುಂದೆ ಹೋಗಿ ಕೈಕಾಲು ಹರಡಿ ಗೋಲುಬಾಯಿ ಮುಚ್ಚಬೇಕು. ಎಳೆಯರು ಬಿಡುವ ಗೋಲುಗಳಲ್ಲಿ ಕೈ ತಪ್ಪಿ ಬಿದ್ದವಷ್ಟೇ ಅಲ್ಲ, ಕಾಲು ಸಿದ್ಧವಾಗದ್ದರಿಂದ ಬಿದ್ದವೂ ಇರುತ್ತವೆ. 50 ಹೊಡೆತಗಳಲ್ಲಿ 40ಕ್ಕೆ ಸೆಟ್ ಆಗಿದ್ದೂ ಗೋಲು ಬೀಳುತ್ತಿದ್ದರೆ ಆ ಹುಡುಗನನ್ನು ಮುಟ್ಟಬೇಡಿ, ಕೆಲಸ ಡಿಫೆನ್ಸ್‌ನಲ್ಲಿದೆ. 25ಕ್ಕಷ್ಟೇ ಸೆಟ್ ಆಗಿದ್ದರೆ ಗೋಲ್‌ಕೀಪಿಂಗ್ ಕೋಚ್‌ಗೆ ಪ್ರತಿ ಅಭ್ಯಾಸದಲ್ಲಿ ಇಪ್ಪತ್ತು ನಿಮಿಷ ಕಾಲಿನ ಕೆಲಸಕ್ಕೇ ಮೀಸಲಿಡಲು ಹೇಳಿ, ಮುಂದಿನ 50 ಹೊಡೆತಗಳಲ್ಲಿ ಮತ್ತೆ ಎಣಿಸಿ.

ಚಿತ್ರೀಕರಣಕ್ಕೆ ಒಂದು ಫೋನ್ ಸಾಕು. ಅದನ್ನು ಗೋಲಿನ ಹಿಂದೆ, ಬಲೆಗಿಂತ ಎತ್ತರದಲ್ಲಿ, ಗೋಲುಬಾಯಿಯ ನಡುಗೆರೆಗೆ ಸರಿಯಾಗಿ ಕಟ್ಟಿ. ಮೈದಾನದ ಬದಿಯಿಂದ ತೆಗೆದ ವಿಡಿಯೊದಲ್ಲಿ ಪಾದ ಕಾಣುತ್ತದೆ, ಮರೆ ಕಾಣುವುದಿಲ್ಲ.